ಫೈಲಿನಲ್ಲಿ ಇಲ್ಲದ ಸೋಮವಾರ

ಕಂಪ್ಯೂಟರಿನ ಹಣೆಗೆ ವಿಭೂತಿ ಬಳಿದಿದ್ದರು. ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿದ್ದರು: ‘ಕರಿ ಕಿಟಕಿ ಯಾರೂ ಮುಚ್ಚಬಾರದು.’ ಅಕ್ಷರದ ಕೆಳಗೆ ದಪ್ಪಗೆ ಗೆರೆ ಬೇರೆ ಎಳೆದಿದ್ದರು.

ಕರಿ ಕಿಟಕಿ ಎಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸೆಷನ್. ಮೂರು ಬಾಣದ ಗುರುತಿನ ಮುಂದೆ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಅದು ಆಗಲೇ ನಡೆದು ಉತ್ತರ ಕೊಡುತ್ತದೆ, ಮತ್ತೆ ಬಾಣ ತೋರಿಸಿ ಕಾಯುತ್ತದೆ. ಕೃಷ್ಣೆಯ ದಂಡೆಯ ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆ, ಹೆಸರು ಬೇಡ, ತನ್ನ ಕಬ್ಬಿನ ಪಾಳಿಯನ್ನೆಲ್ಲ ಆ ಕಿಟಕಿಯಿಂದಲೇ ನಡೆಸುತ್ತಿತ್ತು. ಯಾರ ಹೊಲದ ಕಬ್ಬು ಯಾವತ್ತು ಕಡಿಯಬೇಕು, ಯಾವ ಗಾಡಿ ಯಾರ್ಡಿನಲ್ಲಿ ಯಾರ ಹಿಂದೆ ನಿಲ್ಲಬೇಕು, ಎಲ್ಲ ಅದರ ನೆನಪಿನಲ್ಲಿತ್ತು. ಹಂಗಾಮು ಶುರುವಾದ ದಿನ ಅದನ್ನು ತೆರೆದವನು ಮತ್ತೆ ಮುಚ್ಚಿರಲಿಲ್ಲ. ತೆರೆದವನೂ ಈಗ ಅಲ್ಲಿರಲಿಲ್ಲ.

ಬೇರೆಯವರು ಬರೆದು ಬಿಟ್ಟುಹೋದ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಊರು ಚಿಕ್ಕೋಡಿ. ಆ ವಾರ ಕಾಗವಾಡದ ಅತ್ತೆಯ ಮನೆಯಲ್ಲಿ ಇಳಿದುಕೊಂಡು, ಅವರ ಸ್ಕೂಟಿಯಲ್ಲಿ ಕಾರ್ಖಾನೆಗೆ ಹೋಗಿ ಬರುತ್ತಿದ್ದೆ. ತೂಕದ ಕಾಟಾದ ರಸೀದಿ ಸರಿಯಾಗಿ ಮುದ್ರಣವಾಗುತ್ತಿರಲಿಲ್ಲ, ಅದನ್ನು ನೋಡಲು ಕರೆಸಿದ್ದರು. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಅರ್ಧ ತಾಸಿಗೊಮ್ಮೆ ಎದ್ದು ಯಾರ್ಡಿನ ಧೂಳಿನಲ್ಲಿ ಒಂದು ಸುತ್ತು ಹಾಕದಿದ್ದರೆ ತಲೆ ಓಡುವುದಿಲ್ಲ. ಹಾಗೆ ಸುತ್ತು ಹಾಕುತ್ತಿದ್ದಾಗಲೇ ಆಕೆ ನನ್ನನ್ನು ಹಿಡಿದದ್ದು.

ಜುಗೂಳದ ರೈತ ಹೆಂಗಸು. ಅರವತ್ತರ ಆಸುಪಾಸು, ನೀಟಾಗಿ ಉಟ್ಟ ಇಳಕಲ್ ಸೀರೆ, ಕೈಯಲ್ಲಿ ಮೊಬೈಲು. ಬುಧವಾರದ ಮಧ್ಯಾಹ್ನ ಕಬ್ಬು ವಿಭಾಗದ ಕಿಟಕಿಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. ನಾನು ಒಳಗಿನಿಂದ ಬಂದದ್ದು ನೋಡಿ ಎದ್ದು ಅಡ್ಡ ನಿಂತಳು.

“ನೀನ ಏನವ್ವಾ, ಆ ಕಂಪ್ಯೂಟರ್ ನೋಡಾಕಿ?”

“ರಸೀದಿದ್ದಷ್ಟ ನೋಡ್ತೀನ್ರಿ ಕಾಕು. ಪಾಳಿದ್ದು ಸಾಹೇಬ್ರನ ಕೇಳ್ರಿ.”

“ಸಾಹೇಬ ನನಗ ಓದಾಕ ಬರೂದಿಲ್ಲ ಅಂತಾನ. ನೀ ಓದ ಇದನ್ನ.” ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಪಾಳಿಯಲ್ಲಿ ಯಾರು ಎಷ್ಟನೆಯವರು ಎಂದು ಕಾರ್ಖಾನೆ ರೈತರಿಗೆ ಮೆಸೇಜು ಕಳಿಸುತ್ತದೆ. “ಪಾಳಿ ಹತ್ತಿರ ಬರತೈತಿ. ಇನ್ನೇನ ನಾಳಿ ಟೋಳಿ ಬರತೈತಿ ಅನ್ನೂದ್ರಾಗ ಮತ್ತ ಕಡೀಕ ಹೋಗಿ ನಿಂತಿರತೈತಿ. ಎರಡ ಸಲ ಹಿಂಗ ಆಗೇತಿ. ಈಗ ಮತ್ತ ಮುಂದ ಬಂದೈತಿ.”

ಟೋಳಿ ಎಂದರೆ ಕಬ್ಬು ಕಡಿಯುವವರ ತಂಡ. ಮೆಸೇಜುಗಳನ್ನು ಒಂದೊಂದಾಗಿ ನೋಡಿದೆ. ಹಳೆಯವನ್ನು ಆಕೆ ಅಳಿಸಿಬಿಟ್ಟಿದ್ದಳು. ಈಗಿನದರಲ್ಲಿ ಆಕೆ ಜುಗೂಳದ ಪಾಳಿಯಲ್ಲಿ ಎಲ್ಲರಿಗಿಂತ ಮುಂದೆ ಇದ್ದಳು.

“ಮುಂದ ಐತಲ್ರಿ. ಸೋಮವಾರ ನಿಮ್ಮ ಊರಿನ ಪಾಳಿ ತೆಗೀತಾರ, ಬಂದ ಬರತೈತಿ.”

“ಬರೂದಿಲ್ಲ,” ಎಂದಳು, ಯಾರದೋ ಸಾವಿನ ಸುದ್ದಿ ಹೇಳುವಷ್ಟು ನಿಶ್ಚಯವಾಗಿ. “ಈ ಸಲ ಬರ್ಲಿಲ್ಲಂದ್ರ ನನ್ನ ಕಬ್ಬ ಅಲ್ಲೇ ಒಣಗತೈತಿ. ದಾರಿ ಇರೂದಿಲ್ಲ.”

ದಾರಿಯ ವಿಷಯ ಹೀಗಿತ್ತು. ಆಕೆಯ ಹೊಲ ಹೊಳೆಯ ಕಡೆಗೆ, ಒಳಗೆ. ಅಲ್ಲಿಂದ ಕಬ್ಬು ಹೊರಗೆ ಬರಬೇಕಾದರೆ ಪಕ್ಕದ ರೈತನ ಹೊಲ ದಾಟಬೇಕು. ಪ್ರತಿ ವರ್ಷ ಟ್ರ್ಯಾಕ್ಟರು ಹೋಗುತ್ತಿತ್ತು. ಈ ವರ್ಷ ಆತ ನೆಲದೊಳಗೆ ಹನಿ ನೀರಾವರಿಯ ಪೈಪು ಹಾಕಿಸಿದ್ದರಿಂದ ಕಬ್ಬು ಹೇರಿದ ಭಾರದ ಟ್ರ್ಯಾಕ್ಟರು ಬೇಡ, ಎತ್ತಿನ ಗಾಡಿಯಾದರೆ ಹೋಗಲಿ ಎಂದು ಒಪ್ಪಿಕೊಂಡಿದ್ದ. ತನ್ನ ಹೊಲವನ್ನೆಲ್ಲ ಹೊಸ ಕಬ್ಬಿಗೆ ತಯಾರು ಮಾಡಿ, ಆಕೆಯ ಸಲುವಾಗಿ ಒಂದು ಪಟ್ಟಿ ನೆಲ ಹಾಗೇ ಬಿಟ್ಟಿದ್ದ. ಆದರೆ ಹೊಳೆಯ ಪಂಪಿನ ನೀರಿನ ಪಾಳಿ ಆತನಿಗೆ ಮುಂದಿನ ಗುರುವಾರ. ನೀರು ಬರುವ ಮುಂಚೆ ಆ ಪಟ್ಟಿಯಲ್ಲೂ ಸಾಲು ಹೊಡೆದು ಬೀಜ ಹಾಕಲೇಬೇಕು. ಆಮೇಲೆ ಒಂದು ವರ್ಷ ಅಲ್ಲಿ ಕಾಲಿಡಲೂ ಜಾಗವಿಲ್ಲ. ಆಕೆಯ ಕಬ್ಬು ಆಗಲೇ ತುರಾಯಿ ಬಿಟ್ಟಿತ್ತು. ತುದಿಯಲ್ಲಿ ಹೂ ಬಂದ ಕಬ್ಬು ಒಳಗೊಳಗೇ ಬೆಂಡಾಗುತ್ತದೆ. ಕಾರ್ಖಾನೆಯ ಪಟ್ಟಿಯಲ್ಲಿ ಗಾಡಿ ಎಂದು ಬರೆಸಿದ್ದ ಊರಿನ ಉಳಿದ ರೈತರು ಕಾಯದೆ ಆಲೆಮನೆಗೆ ಕಬ್ಬು ಕೊಟ್ಟು ಕೈ ತೊಳೆದುಕೊಂಡಿದ್ದರು. ಆಲೆಮನೆಯವರು ಟ್ರ್ಯಾಕ್ಟರಿನಲ್ಲಷ್ಟೇ ಒಯ್ಯುತ್ತಿದ್ದರು, ಈಕೆಯ ಹೊಲದೊಳಗೆ ಅದು ಹೋಗುವಂತಿರಲಿಲ್ಲ.

ಕಬ್ಬು ವಿಭಾಗದ ಸಾಹೇಬರಿಗೆ ಹೇಳಿದೆ. ಒಳ್ಳೆಯ ಮನುಷ್ಯರೇ, ಆದರೆ ಹಂಗಾಮಿನಲ್ಲಿ ಯಾರ ಮಾತನ್ನೂ ಪೂರ್ತಿ ಕೇಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

“ಮ್ಯಾಡಮ್, ಆಕಿ ದಿನಾ ಬರ್ತಾಳ. ಕೈಲೆ ಒಂದ ಚೀಟಿ ಬರದ್ನಿ ಅಂದ್ರ ನಾಳಿ ಗೇಟಿನ್ಯಾಗ ಊರಿಗೂರ ಬಂದ ನಿಂದರತೈತಿ. ಹ್ವಾದ ವರ್ಷ ಅದ ಜಗಳ ಆಗಿ ಕೈ ಚೀಟಿ ಬಂದ್ ಮಾಡ್ಯಾರ. ಕಂಪ್ಯೂಟರ್ ಕೊಟ್ಟದ್ದ ಪಾಳಿ. ಅದರಾಗ ತಪ್ಪೈತಿ ಅಂತ ತೋರಸ್ರಿ, ನಾ ಬ್ಯಾಡ ಅನ್ನೂದಿಲ್ಲ.”

ತೋರಿಸುತ್ತೇನೆ ಎಂದು ಹೇಳಿ ಬಂದೆ. ಯಾಕೆ ಹಾಗೆ ಹೇಳಿದೆನೋ. ನನ್ನ ಕೆಲಸ ರಸೀದಿಯದು. ಆದರೆ ಯಾರಾದರೂ ತೋರಿಸು ನೋಡೋಣ ಎಂದರೆ ನನಗೆ ತಡೆಯಲಾಗುವುದಿಲ್ಲ.

ಗುರುವಾರ ಬೆಳಿಗ್ಗೆ ಪಾಳಿಯ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ತಂದು ಮೇಲಿನಿಂದ ಕೆಳಗಿನವರೆಗೆ ಓದಿದೆ. ಬರೆದವನ ಕೈ ಚೆನ್ನಾಗಿತ್ತು. ಯಾವ ಹೊಲದಲ್ಲಿ ಯಾವಾಗ ನಾಟಿ, ಯಾವ ತಳಿ, ಊರಿಗೆ ಯಾವ ವಾರ, ಎಲ್ಲ ನೋಡಿ ಪಾಳಿ ತೆಗೆಯುವ ಫಂಕ್ಷನ್, ಅದರ ಹೆಸರೂ ‘ಪಾಳಿ’ ಎಂದೇ. ಅದು ಪ್ರತಿಯೊಂದು ಹೊಲವನ್ನೂ ಒಂದು ಸಾಲು ನಿಯಮಗಳ ಮೂಲಕ ದಾಟಿಸುತ್ತಿತ್ತು. ಕಾಕುವಿನ ಹೊಲದ ವಿವರ ಹಾಕಿ, ತಾರೀಖನ್ನು ಬರುವ ಸೋಮವಾರಕ್ಕೆ ಬದಲಿಸಿ ನಡೆಸಿದೆ. ಪಾಳಿ ಬಂತು. ಮತ್ತೆ ನಡೆಸಿದೆ, ಮತ್ತೆ ಬಂತು. ಯಾರನ್ನಾದರೂ ಸರದಿಯ ಕೊನೆಗೆ ದೂಡುವ ಒಂದು ಸಾಲೂ ಆ ಫೈಲಿನಲ್ಲಿ ಇರಲಿಲ್ಲ.

ಹೊರಗೆ ಹೋಗಿ ಕಾಕುವಿಗೆ ಹೇಳಿದೆ: “ಎಲ್ಲಾ ನೋಡಿನ್ರಿ. ಹಿಂದ ಹಾಕೂದು ಅದರಾಗ ಇಲ್ಲ. ನಿಮಗ ನಂಬರ ನೋಡೂದ್ರಾಗ ಹೆಚ್ಚು ಕಡಿಮಿ ಆಗಿರಬೇಕು.”

ಆಕೆಗೆ ಸಿಟ್ಟು ಬರಲಿಲ್ಲ, ಅದೇ ನನಗೆ ತೊಂದರೆ ಕೊಟ್ಟದ್ದು.

“ನೀನೂ ಸಾಹೇಬನಂಗ ಅಂದಿ,” ಎಂದು ಸೆರಗು ಸರಿಮಾಡಿಕೊಂಡು ಮತ್ತೆ ಕಟ್ಟೆಯ ಮೇಲೆ ಕೂತಳು.

ಮಧ್ಯಾಹ್ನವೆಲ್ಲ ರಸೀದಿಯ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಚಹಾ ಕುಡಿದೆ, ಯಾರ್ಡು ಸುತ್ತಿದೆ, ಮತ್ತೆ ಚಹಾ ಕುಡಿದೆ. ಸಂಜೆ ಸ್ಕೂಟಿ ಓಡಿಸುತ್ತಿದ್ದಾಗ ಹೊಳೆಯಿತು: ನಾನು ಓದಿದ್ದು ಡಿಸ್ಕಿನ ಮೇಲಿರುವ ಫೈಲು. ನಡೆಯುತ್ತಿರುವುದು ಕರಿ ಕಿಟಕಿಯೊಳಗಿನ ಪ್ರೋಗ್ರಾಮು. ಎರಡೂ ಒಂದೇ ಎಂದು ನನಗೆ ಯಾರು ಹೇಳಿದರು?

ಪೈಥಾನಿನಲ್ಲಿ ಒಂದು ಅನುಕೂಲವಿದೆ. ನಡೆಯುತ್ತಿರುವ ಸೆಷನ್ನಿನಲ್ಲೇ ‘ಈ ಫಂಕ್ಷನ್ನಿನ ಮೂಲ ಬರಹ ತೋರಿಸು’ ಎಂದು ಕೇಳಬಹುದು. ಇನ್‌ಸ್ಪೆಕ್ಟ್ ಎಂಬ ಸಾಮಾನು ಅದರ ಜೊತೆಯಲ್ಲೇ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಆ ವಿಭೂತಿಯ ಕಂಪ್ಯೂಟರಿನ ಮುಂದೆ ಕೂತೆ. ಹೆದರಿಕೆಯಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ತಪ್ಪು ಸಾಲು ಬರೆದು ಸೆಷನ್ ಬಿದ್ದರೆ ಯಾರ್ಡಿನಲ್ಲಿ ನಿಂತ ಅಷ್ಟೂ ಗಾಡಿಗಳ ಸರದಿ ಹಾರಿಹೋಗುತ್ತದೆ. ಎಂಟರ್ ಒತ್ತುವ ಮುಂಚೆ ಪ್ರತಿ ಅಕ್ಷರವನ್ನೂ ಬಾಯಲ್ಲಿ ಓದಿಕೊಂಡೆ. ಪಾಳಿಯ ಮೂಲ ತೋರಿಸು ಎಂದು ಕೇಳಿದೆ.

ಅದು ಖಾಲಿ ಗಾಡಿಯ ತೂಕ ಕಳೆಯುವ ಫಂಕ್ಷನ್ ತೋರಿಸಿತು.

ಮತ್ತೆ ಕೇಳಿದೆ. ಮತ್ತೆ ತೂಕ. ಪಾಳಿ ಕೇಳಿದರೆ ತೂಕ ಹೇಳುವ ಈ ಯಂತ್ರಕ್ಕೆ ಎರಡು ಬಾರಿಸಬೇಕು ಎನ್ನಿಸಿತು. ಎದ್ದು ಹೊರಗೆ ಹೋದೆ. ಕಾಕು ಕಟ್ಟೆಯ ಮೇಲೆ ಇದ್ದಳು, ನನ್ನನ್ನು ಕರೆಯಲಿಲ್ಲ. ಯಾರ್ಡಿನ ಆ ತುದಿಗೆ ಹೋಗಿ, ಒಂದು ಟ್ರ್ಯಾಕ್ಟರಿನ ಟ್ರೇಲರ್ ನೆರಳಿನಲ್ಲಿ ನಿಂತು ಯೋಚಿಸಿದೆ.

ಕಾರಣ ಇಷ್ಟೇ. ಪ್ರೋಗ್ರಾಮು ಶುರುವಾಗುವಾಗ ಪೈಥಾನ್ ನಾವು ಬರೆದ ಬರಹವನ್ನು ತನ್ನ ಸಣ್ಣ ಆಜ್ಞೆಗಳಾಗಿ ಮಾಡಿಕೊಂಡು ಆ ಆಜ್ಞೆಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಬರಹವನ್ನು ಇಟ್ಟುಕೊಳ್ಳುವುದಿಲ್ಲ. ಅದರ ವಿಳಾಸವನ್ನು ಮಾತ್ರ ನೆನಪಿಡುತ್ತದೆ: ಇಂಥ ಫೈಲು, ಇಂಥ ಸಾಲು. ತೋರಿಸು ಎಂದಾಗ ಡಿಸ್ಕಿಗೆ ಹೋಗಿ ಆ ಸಾಲಿನಲ್ಲಿ ಈಗ ಏನಿದೆಯೋ ಅದನ್ನು ಓದಿ ಹೇಳುತ್ತದೆ. ನಡುವೆ ಯಾರೋ ಫೈಲಿನಲ್ಲಿ ಹೊಸ ಸಾಲು ಸೇರಿಸಿದ್ದರು, ಎಲ್ಲ ಕೆಳಗೆ ಜಾರಿತ್ತು. ಹಳೆಯ ವಿಳಾಸದಲ್ಲಿ ಈಗ ಬೇರೆ ಸಂಸಾರ.

ಬ್ಯಾಕಪ್ಪಿನಲ್ಲಿ ಹಂಗಾಮು ಶುರುವಾದಾಗಿನ ಹಳೆಯ ಫೈಲು ಸಿಕ್ಕಿತು. ಅದರಲ್ಲಿ ಸಾಲುಗಳು ವಿಳಾಸಕ್ಕೆ ಸರಿಯಾಗಿ ಹೊಂದಿದವು. ಆದರೆ ಅದರಲ್ಲೂ ಹಿಂದೆ ದೂಡುವ ಮಾತಿಲ್ಲ. ನಾನು ಮತ್ತೆ ಮೊದಲಿನಲ್ಲೇ ಇದ್ದೆ. ಶುಕ್ರವಾರ ಮಧ್ಯಾಹ್ನ ಕಳೆದಿತ್ತು. ಸೋಮವಾರ ಬೆಳಿಗ್ಗೆ ಜುಗೂಳದ ಪಾಳಿ.

ಇನ್ನುಳಿದದ್ದು ನಿಯಮಗಳ ಸಾಲು. ಫೈಲಿನಲ್ಲಿರುವುದನ್ನು ಓದುವುದು ಬಿಟ್ಟು, ಸೆಷನ್ನಿಗೇ ‘ನಿನ್ನ ಹತ್ತಿರ ಈಗ ಯಾವ ನಿಯಮಗಳಿವೆ’ ಎಂದು ಕೇಳಿದೆ. ತಳಿ, ನಾಟಿ, ಪ್ರವಾಹದ ನೀರು ನಿಂತ ಹೊಲ, ಎಲ್ಲ ಗುರುತಿನವೇ ಬಂದವು. ಕೊನೆಗೆ ಗುರುತಿಲ್ಲದ ಒಂದು ಹೆಸರು ಕೂತಿತ್ತು: ಫಿಕ್ಸ್ ಮೂರು.

ಫಿಕ್ಸ್ ಒಂದು, ಎರಡು ಎಲ್ಲಿ ಹೋದವೋ ದೇವರೇ ಬಲ್ಲ. ಹೀಗೆ ಹೆಸರಿಡುವವರಿಗೆ ಮಕ್ಕಳಾದಾಗ ಏನು ಮಾಡುತ್ತಾರೆ ಎಂದು ನನಗೆ ಯಾವಾಗಲೂ ಕುತೂಹಲ. ಅದರ ವಿಳಾಸ ಕೇಳಿದೆ. ಯಾವ ಫೈಲೂ ಇಲ್ಲ, ಈ ಬಾಣದ ಗುರುತಿನ ಮುಂದೆಯೇ ಕೈಯಿಂದ ಬರೆದದ್ದು ಎಂಬ ಉತ್ತರ ಬಂತು. ಮೂಲ ತೋರಿಸು ಎಂದೆ. ಮೂಲ ಸಿಗುವುದಿಲ್ಲ ಎಂದು ಸೆಷನ್ ಕೈ ಎತ್ತಿತು.

ಅಂದರೆ ಹಂಗಾಮಿನ ನಡುವೆ ಯಾರೋ ಈ ಕುರ್ಚಿಯಲ್ಲಿ ಕೂತು, ಈ ಕಿಟಕಿಯೊಳಗೇ ಒಂದು ನಿಯಮ ಬರೆದು ಸೇರಿಸಿ, ಎದ್ದು ಹೋಗಿದ್ದರು. ಅದರ ಬರಹ ಪ್ರಪಂಚದಲ್ಲಿ ಎಲ್ಲೂ ಇರಲಿಲ್ಲ. ಕಾಕು ಕಂಡದ್ದು ನಿಜವಾಗಿರಬಹುದು ಎಂದು ನನಗೆ ಮೊದಲ ಸಲ ಅನ್ನಿಸಿತು.

ಕಿಟಕಿ ತೆರೆದಿಟ್ಟು ಹೋದ ಹಳೆಯ ಪ್ರೋಗ್ರಾಮರನ ನಂಬರು ಹುಡುಕಿ ಫೋನು ಮಾಡಿದೆ. ಆತ ಈಗ ತೆಲಸಂಗದ ಕಡೆ ಮಾವನ ಜೊತೆ ಒಣದ್ರಾಕ್ಷಿಯ ಶೆಡ್ಡು ನೋಡಿಕೊಳ್ಳುತ್ತಿದ್ದ. ಹಿಂದೆ ಫ್ಯಾನಿನ ಸದ್ದು.

“ಫಿಕ್ಸ್ ಮೂರಾ?” ನಗುತ್ತ ಕೇಳಿದ. “ಅಕ್ಕಾರ, ಹಂಗಾಮ ಶುರು ಆದಾಗ ದಿನಾ ಒಂದೊಂದ ಹಾಕೇನ್ರಿ. ಯಾರರ ಬಂದ ಗದ್ದಲಾ ಮಾಡೂದು, ನಾ ಲೈವ್‌ನ್ಯಾಗ ಹಾಕೂದು. ಫೈಲಿನ್ಯಾಗ ಆಮ್ಯಾಲ ಬರದ್ರಾತು ಅಂದಿದ್ನಿ. ಆಮ್ಯಾಲ ದ್ರಾಕ್ಷಿ ಬಂತ್ರಿ.”

“ಅದರಾಗ ಏನಿತ್ತು ಅಂತರ ನೆನಪೈತೇನು?”

“ಇಲ್ರಿ. ಆದ್ರ ಅದನ್ನ ತೆಗೀಬ್ಯಾಡ್ರಿ. ಏನರ ಕಾರಣ ಇದ್ದ ಹಾಕಿರ್ತೀನಿ.”

ಸಿಟ್ಟು ನೆತ್ತಿಗೇರಿತು. ಫೋನಿಟ್ಟು ಸೀದಾ ಸಾಹೇಬರ ಕೋಣೆಗೆ ಹೋದೆ. ಈ ಕಿಟಕಿ ಮುಚ್ಚಿ, ಫೈಲಿನಲ್ಲಿರುವ ಶುದ್ಧ ಪ್ರೋಗ್ರಾಮನ್ನು ಹೊಸದಾಗಿ ಶುರು ಮಾಡೋಣ, ಯಾರೂ ನೋಡದ ನಿಯಮವೊಂದು ಒಳಗೆ ಕೂತು ಊರಾಳುತ್ತಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಸಾಹೇಬರು ಕಿಟಕಿಯಿಂದಾಚೆ ಕೈ ತೋರಿಸಿದರು. ಯಾರ್ಡಿನಲ್ಲಿ ಟ್ರ್ಯಾಕ್ಟರು, ಲಾರಿ, ಎತ್ತಿನ ಗಾಡಿ, ಗೇಟಿನವರೆಗೂ ನಿಂತಿದ್ದವು.

“ಇದೆಲ್ಲಾ ಯಾರ ಹಿಂದ ಯಾರು ಅಂತ ಆ ಕರಿ ಕಿಟಕಿಗಷ್ಟ ಗೊತ್ತ. ಅದನ್ನ ಮುಚ್ಚಿದ ಮ್ಯಾಲ ಅವರನ್ನ ಯಾರ ಸಮಾಧಾನ ಮಾಡವ್ರು? ನೀವು ಮಾಡ್ತೀರೇನು?”

“ಆ ಕಾಕುಂದು?”

“ಒಂದ ಹೊಲದ ಸಲುವಾಗಿ ಮಿಲ್ ನಿಂದ್ರಸಾಕ ಆಗೂದಿಲ್ರಿ ಮ್ಯಾಡಮ್. ತಪ್ಪೈತಿ ಅಂತ ತೋರಸ್ರಿ ಅಂದಿದ್ನಿ. ನೀವು ಇನ್ನೂ ತೋರಿಸಿಲ್ಲ.”

ಮಾತು ಸರಿಯಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಶನಿವಾರ ಗೇಟು ತೆರೆಯುವ ಹೊತ್ತಿಗೆ ಹೋಗಿ ಕೂತೆ. ಬರಹ ಇಲ್ಲದಿದ್ದರೆ ಏನಾಯಿತು, ಆಜ್ಞೆಗಳಂತೂ ನೆನಪಿನಲ್ಲಿ ಇವೆಯಲ್ಲ. ಅವನ್ನು ಬಿಡಿಸಿ ತೋರಿಸುವ ಸಾಮಾನೂ ಪೈಥಾನಿನಲ್ಲಿದೆ. ಅದು ಮನುಷ್ಯರು ಓದುವ ಭಾಷೆಯಲ್ಲ. ಇದನ್ನು ಎತ್ತಿಕೋ, ಅದನ್ನು ಎತ್ತಿಕೋ, ಎರಡನ್ನೂ ಹೋಲಿಸು, ಹೊಂದದಿದ್ದರೆ ಕೆಳಗೆ ಹಾರು. ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದೊಂದನ್ನೂ ಬರೆಯುತ್ತ ಹೋದೆ.

ಹೊಲದ ವಾಹನ ಯಾವುದು, ಎತ್ತಿಕೋ. ‘ಗಾಡಿ’ ಎಂಬ ಪದದೊಂದಿಗೆ ಹೋಲಿಸು. ಹೊಂದದಿದ್ದರೆ ಹೊರಗೆ ಹೋಗು. ಹೊಂದಿದರೆ ಇವತ್ತಿನ ವಾರ ಎತ್ತಿಕೋ. ಸೊನ್ನೆಯೊಂದಿಗೆ ಹೋಲಿಸು.

ಪೈಥಾನಿಗೆ ವಾರದ ಎಣಿಕೆ ಸೊನ್ನೆಯಿಂದ. ಸೊನ್ನೆ ಎಂದರೆ ಸೋಮವಾರ.

ಪೆನ್ಸಿಲು ಕೆಳಗಿಟ್ಟೆ. ಗಾಡಿ, ಸೋಮವಾರ. ಇದಕ್ಕೆ ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ನಮ್ಮ ಅಜ್ಜ ಸುಗ್ಗಿಯ ನಡುವೆಯೂ ಸೋಮವಾರ ಎತ್ತುಗಳಿಗೆ ಮೈ ತೊಳೆದು, ಮೇವು ಹಾಕಿ, ತಾನು ಕಟ್ಟೆಗೆ ಹೋಗಿ ಕೂರುತ್ತಿದ್ದರು. ಹೊಳೆದಂಡೆಯ ಗಾಡಿಗಳೆಲ್ಲ ಸುತ್ತಲಿನ ಊರಿನವೇ. ಹಂಗಾಮಿನ ಶುರುವಿನಲ್ಲಿ ಕಂಪ್ಯೂಟರು ಅವರಿಗೆ ಸೋಮವಾರ ಪಾಳಿ ಕೊಟ್ಟಿರಬೇಕು, ಅವರು ಬಂದು ಗದ್ದಲ ಮಾಡಿರಬೇಕು, ಆತ ಅಲ್ಲಿಂದಲ್ಲಿಗೇ ನಿಯಮ ಬರೆದು ಹಾಕಿದ್ದ. ಆ ಮಟ್ಟಿಗೆ ಆತ ಮಾಡಿದ್ದು ಸರಿಯೇ.

ತಪ್ಪು ಮುಂದಿನ ಆಜ್ಞೆಯಲ್ಲಿತ್ತು. ಗಾಡಿ ಆಗಿದ್ದು, ಸೋಮವಾರ ಆಗಿದ್ದರೆ, ಆ ಹೊಲವನ್ನು ತೆಗೆದು ಊರಿನ ಸರದಿಯ ಕೊನೆಗೆ ಹಾಕು. ಬೇರೆ ಊರಿನ ಗಾಡಿಗಳಿಗೆ ಇದರಿಂದ ಏನೂ ಆಗುವುದಿಲ್ಲ, ಅವರ ಪಾಳಿ ತೆಗೆಯುವ ದಿನ ಬೇರೆ. ಹೊಳೆದಂಡೆಯ ಊರುಗಳಿಗೆ ಮಾತ್ರ ಪಾಳಿ ತೆಗೆಯುವುದೇ ಸೋಮವಾರ. ಹಾಗಾಗಿ ಕಾಕುವಿನ ಹೊಲ ವಾರ ವಾರ ತೆವಳುತ್ತ ಮುಂದೆ ಬರುತ್ತದೆ, ತುದಿ ಮುಟ್ಟಿದ ದಿನ ಸೋಮವಾರವೇ ಆಗಿರುತ್ತದೆ, ಎತ್ತಿಗೆ ಬಿಡುವು ಎಂದು ಮತ್ತೆ ಕಡೆಗೆ ಹೋಗುತ್ತದೆ. ಇನ್ನೂ ಹತ್ತು ಹಂಗಾಮು ನಡೆದರೂ ಆಕೆಯ ಪಾಳಿ ಬರುತ್ತಿರಲಿಲ್ಲ.

ನಾನು ನಿನ್ನೆ ಕೇಳಿದಂತೆ ಕಿಟಕಿ ಮುಚ್ಚಿ ಹೊಸದಾಗಿ ಶುರು ಮಾಡಿದ್ದರೆ ಈ ನಿಯಮ ಗುರುತಿಲ್ಲದೆ ಅಳಿಸಿಹೋಗುತ್ತಿತ್ತು. ಸೋಮವಾರ ಕಾಕುವಿಗೆ ಪಾಳಿ ಬರುತ್ತಿತ್ತು, ಗಾಡಿ ಬರುತ್ತಿರಲಿಲ್ಲ.

ಸರದಿಯ ಒಂದು ನಕಲು ಮಾಡಿಕೊಂಡು, ಅಸಲಿಗೆ ಕೈ ಹಚ್ಚದೆ, ನಕಲಿನ ಮೇಲೆ ಸೋಮವಾರದ ತಾರೀಖಿನಿಂದ ಫಿಕ್ಸ್ ಮೂರನ್ನು ನಡೆಸಿದೆ. ಕಾಕುವಿನ ಹೊಲ ನನ್ನ ಕಣ್ಣೆದುರೇ ಮೊದಲಿನಿಂದ ಕಡೆಗೆ ಹೋಗಿ ನಿಂತಿತು. ಸಾಹೇಬರನ್ನು ಕರೆತಂದು ಮತ್ತೊಮ್ಮೆ ಮಾಡಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಆಕಿ ಇದನ್ನ ಹೇಳಾಕತ್ತಿದ್ಳಲ್ಲ,” ಎಂದರು ಮೆಲ್ಲಗೆ.

“ಹೌದ್ರಿ.”

“ಮುಚ್ಚದ ಸರಿ ಮಾಡಾಕ ಬರತೈತೇನು?”

“ಬರತೈತಿ. ಆದ್ರ ನಡಿಯೂ ಬಂಡಿಗೆ ಗಾಲಿ ಬದ್ಲಿ ಮಾಡಿದಂಗ್ರಿ. ಕೆಟ್ರ ನನ್ನ ಬೈಯೂಹಂಗಿಲ್ಲ.”

“ಬೈತೀನಿ,” ಎಂದರು. “ಆದ್ರೂ ಮಾಡ್ರಿ.”

ಮೊದಲು ಯಾರ್ಡಿನ ಸರದಿಯನ್ನೆಲ್ಲ ಡಿಸ್ಕಿಗೆ ಬರೆದಿಟ್ಟೆ. ಸೆಷನ್ ಬಿದ್ದರೂ ಮತ್ತೆ ನಿಲ್ಲಿಸಲು ಅಷ್ಟಾದರೂ ಇರಲಿ ಎಂದು. ಆಮೇಲೆ ಹೊಸ ನಿಯಮ ಬರೆದೆ, ಬಾಣದ ಮುಂದೆ ಅಲ್ಲ, ಫೈಲಿನಲ್ಲಿ. ಗಾಡಿ ಆಗಿದ್ದು ಸೋಮವಾರ ಆಗಿದ್ದರೆ, ಹೊಲ ಇದ್ದಲ್ಲೇ ಇರಲಿ, ಪಾಳಿಯ ದಿನ ಮಾತ್ರ ಮಂಗಳವಾರ. ಅದಕ್ಕೆ ‘ಸೋಮವಾರದ ಗಾಡಿ’ ಎಂದು ಹೆಸರಿಟ್ಟೆ. ಸೆಷನ್ನಿಗೆ ಆ ಫೈಲು ಓದಿಸಿ, ಫಿಕ್ಸ್ ಮೂರು ಎಂಬ ಹೆಸರನ್ನು ಹೊಸ ಫಂಕ್ಷನ್ನಿಗೆ ಕಟ್ಟಿದೆ. ಮತ್ತೆ ಸರದಿಯ ನಕಲಿನ ಮೇಲೆ ಪಾಳಿಯನ್ನು ನಡೆಸಿ ನೋಡಿದೆ.

ಕಾಕುವಿನ ಹೊಲ ಮತ್ತೆ ಕಡೆಗೆ ಹೋಯಿತು.

ಆಗ ನಾನು ಬಾಯಿಂದ ಆಡಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಸಾಹೇಬರು ಕೇಳಿಯೂ ಕೇಳದಂತೆ ಎದ್ದು ಹೋದರು. ಎದ್ದೆ, ಹೊರಗೆ ಹೋದೆ, ಬಾಗಿಲಿನಿಂದಲೇ ವಾಪಸ್ಸು ಬಂದೆ. ಕಟ್ಟೆಯ ಕಡೆ ಮುಖ ತೋರಿಸಲು ಮನಸ್ಸಾಗಲಿಲ್ಲ. ಕೂತು ಮತ್ತೆ ಮೊದಲಿನಿಂದ ಯೋಚಿಸಿದೆ. ಹೆಸರು ಬದಲಿಸಿದ್ದೆ, ಸರಿ. ಆದರೆ ನಿಯಮಗಳ ಸಾಲು ಹೆಸರನ್ನು ಹಿಡಿದುಕೊಂಡಿರಲಿಲ್ಲ, ಹಳೆಯ ಫಂಕ್ಷನ್ನನ್ನೇ ಹಿಡಿದುಕೊಂಡಿತ್ತು. ಮನೆಯ ಮುಂದಿನ ಹೆಸರಿನ ಹಲಗೆ ಬದಲಾಗಿತ್ತು, ಒಳಗಿದ್ದವನು ಹೊರಗೆ ಬಂದಿರಲಿಲ್ಲ. ಸಾಲಿನ ಆ ಜಾಗಕ್ಕೇ ಹೋಗಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆ. ಮತ್ತೆ ನಡೆಸಿದೆ. ಹೊಲ ಮೊದಲಲ್ಲೇ ನಿಂತಿತು, ಎದುರಿಗೆ ಮಂಗಳವಾರದ ತಾರೀಖು.

ಕೊನೆಗೆ ಸೆಷನ್ನಿಗೆ ಕೇಳಿದೆ: ಈಗ ನಿನ್ನ ಸಾಲಿನಲ್ಲಿರುವ ನಿಯಮದ ಮೂಲ ತೋರಿಸು. ನಾನು ಬರೆದದ್ದನ್ನೇ, ಒಂದಕ್ಷರ ಆಚೀಚೆ ಇಲ್ಲದೆ ತೋರಿಸಿತು. ಆ ನಾಲ್ಕಾರು ಸಾಲು ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಭಾನುವಾರ ಅತ್ತೆಯ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. “ಬಾಣಂತಿ ಮನಿ ಮುಂದಿನ ಗಂಡನಂಗ ಯಾಕ ಅಡ್ಯಾಡಾಕತ್ತಿ?” ಎಂದು ಅತ್ತೆ ಕೇಳಿದರು. ನಕಲಿನ ಮೇಲೆ ನಡೆದದ್ದು ಅಸಲಿನಲ್ಲಿ ನಡೆಯುತ್ತದೆ ಎಂದು ಗೊತ್ತಿದ್ದರೂ ನಂಬಿಕೆ ಬರುತ್ತಿರಲಿಲ್ಲ. ಆ ವಾರ ನಾನು ನಂಬಿದ್ದೆಲ್ಲ ಒಂದೊಂದಾಗಿ ಕೈಕೊಟ್ಟಿತ್ತು.

ಸೋಮವಾರ ಬೆಳಿಗ್ಗೆ ಪಾಳಿ ತೆಗೆಯುವಾಗ ಸಾಹೇಬರೂ ಬಂದು ಹಿಂದೆ ನಿಂತರು. ಕಾಕು ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದಳು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಪರದೆಯ ಮೇಲೆ ಊರುಗಳು ಒಂದೊಂದಾಗಿ ಬಂದವು. ಜುಗೂಳ ಬಂತು. ನಾನು ಪರದೆ ನೋಡುತ್ತಿದ್ದೆ. ಅಷ್ಟರಲ್ಲಿ ಹೊರಗೆ ಆಕೆಯ ಮೊಬೈಲು ಟಿಂಗ್ ಎಂದಿತು.

ಆಕೆ ಮೊಬೈಲನ್ನು ದೂರ ಹಿಡಿದು ಓದಿದಳು. ಮತ್ತೆ ಓದಿದಳು. ಸಾಹೇಬರ ಕಡೆ ನೋಡಿ, “ಮಂಗಳವಾರ ಅಂತ ಐತಿ. ನನಗ ಓದಾಕ ಬರೂದಿಲ್ಲಲ್ಲ, ನೀವ ಒಂದ ಸಲ ಓದ್ರಿ,” ಎಂದಳು.

ಸಾಹೇಬರು ಓದಲಿಲ್ಲ. ಬಾಗಿಲಿನತ್ತ ತಿರುಗಿ ಒಂದು ಚಹಾ ತರಲು ಹೇಳಿದರು, ಆ ಚಹಾವನ್ನು ತಾವೇ ಕಿಟಕಿಯಿಂದ ಆಕೆಗೆ ಕೊಟ್ಟರು.

ಬುಧವಾರ ಮಧ್ಯಾಹ್ನ ರಸೀದಿಯ ಕೆಲಸ ಮುಗಿಸಿ ಜುಗೂಳಕ್ಕೆ ಹೋದೆ. ಹೋಗಬೇಕಾದ ಕೆಲಸವೇನೂ ಇರಲಿಲ್ಲ. ಪಕ್ಕದವನು ಬಿಟ್ಟಿದ್ದ ಪಟ್ಟಿ ನೆಲದ ಮೇಲೆ ಸ್ಕೂಟಿ ಓಡಿಸಿಕೊಂಡೇ ಒಳಗೆ ಹೋದೆ. ಕಡಿದ ಹೊಲ ಬಯಲಾಗಿತ್ತು, ಆಚೆ ಹೊಳೆ ಕಾಣುತ್ತಿತ್ತು. ಕಡೆಯ ಗಾಡಿಗೆ ಕಬ್ಬು ಹೇರುತ್ತಿದ್ದರು. ಬದುವಿನ ತುದಿಯಲ್ಲಿ ಪಕ್ಕದ ರೈತ ತನ್ನ ಸಣ್ಣ ಟ್ರ್ಯಾಕ್ಟರಿನ ಮೇಲೆ ಕೂತು ಕಾಯುತ್ತಿದ್ದ.

“ಮ್ಯಾಡಮ್‌ರ, ನಿಮ್ಮ ಸ್ಕೂಟಿ ಲಗೂನ ಹೊರಗ ತೆಗೀರಿ,” ಎಂದು ಕೂಗಿದ. “ಇಲ್ಲಾಂದ್ರ ಕಬ್ಬಿನ ಬೀಜದ ಜೋಡಿ ಅದನ್ನೂ ಸಾಲಿನ್ಯಾಗ ಹಚ್ಚಿಬಿಡ್ತೀನಿ.”

ಕಾಕು ನನ್ನ ಕೈಗೆ ಒಂದು ಕಬ್ಬಿನ ತುಂಡು ಕೊಟ್ಟಳು. ಬೆಂಡಾಗಿರಲಿಲ್ಲ, ರಸ ಇತ್ತು. ಕಚ್ಚುತ್ತ ನಿಂತಾಗ ಕೇಳಿದಳು: “ಖರೇ ಹೇಳ, ಅದರಾಗ ಏನ ಆಗಿತ್ತ?”

ಸೋಮವಾರ ಎತ್ತು ಹೂಡುವುದಿಲ್ಲ ಎಂದು ಅದಕ್ಕೆ ಯಾರೋ ಹೇಳಿಕೊಟ್ಟಿದ್ದರು, ನಿಮ್ಮ ಹೊಲದ ದಾರಿ ಗಾಡಿಯದು, ನಿಮ್ಮ ಊರಿನ ದಿನ ಸೋಮವಾರ, ಅದಕ್ಕೇ ಪ್ರತಿ ಸಲ ಹಿಂದೆ ಹಾಕುತ್ತಿತ್ತು ಎಂದು ಹೇಳಿದೆ. ಆಕೆ ಗಾಡಿಯ ಎತ್ತುಗಳ ಹತ್ತಿರ ಹೋಗಿ ಒಂದರ ಬೆನ್ನು ಸವರಿದಳು.

“ಎತ್ತಿಗೆ ಬಿಡುವ ಕೊಟ್ಟಾನ, ಅದನ್ನ ತಪ್ಪ ಅನ್ನಾಕ ಬರೂದಿಲ್ಲ,” ಎಂದಳು. “ಆದ್ರ ಸೋಮವಾರ ಆದ ಮ್ಯಾಲ ಮಂಗಳವಾರ ಬರತೈತಿ ಅಂತ ಹೇಳೂದ ಮರತಾನ ನೋಡ.”

ಗಾಡಿ ಹೊರಟಿತು. ಅದರ ಹಿಂದೆ ನಾನು ಸ್ಕೂಟಿ ನೂಕಿಕೊಂಡು ನಡೆದೆ. ನನ್ನ ಹಿಂದೆಯೇ ಟ್ರ್ಯಾಕ್ಟರು ಇಳಿಯಿತು. ರಸ್ತೆ ಮುಟ್ಟಿ ತಿರುಗಿ ನೋಡುವಷ್ಟರಲ್ಲಿ ನಾವು ಬಂದ ದಾರಿಯ ಮುಕ್ಕಾಲು ಪಾಲು ಸಾಲಾಗಿತ್ತು. ಕಾಕು ಆಚೆ ಬದುವಿನ ಮೇಲೆ ನಿಂತು ಕೈ ಎತ್ತಿದಳು.

ಸಂಜೆ ಚಿಕ್ಕೋಡಿಯ ಬಸ್ಸು ಹಿಡಿಯುವ ಮುಂಚೆ ಕಾರ್ಖಾನೆಗೆ ಹೋಗಿ ಆ ಫೈಲನ್ನು ಮತ್ತೆ ತೆರೆದೆ. ನಿಯಮದ ಮೇಲೆ ಎರಡು ಸಾಲು ಟಿಪ್ಪಣಿ ಬರೆಯೋಣ ಎಂದು ಬೆರಳು ಎತ್ತಿದೆ, ತಡೆದೆ. ಹೊಸ ಸಾಲು ಸೇರಿಸಿದರೆ ಎಲ್ಲ ಕೆಳಗೆ ಜಾರುತ್ತದೆ, ಕಿಟಕಿಯಲ್ಲಿ ಕೇಳಿದವರಿಗೆ ವಿಳಾಸ ತಪ್ಪುತ್ತದೆ. ಅದಕ್ಕೆ ಸೋಮವಾರವನ್ನು ಹೋಲಿಸುವ ಆ ಸಾಲಿನ ಕೊನೆಯಲ್ಲಿ, ಉಳಿದ ಜಾಗದಲ್ಲೇ, ಬರೆದು ಉಳಿಸಿದೆ. ಕರಿ ಕಿಟಕಿಗೆ ಹೋಗಿ, ಈ ನಿಯಮದ ಮೂಲ ತೋರಿಸು ಎಂದೆ. ಅದು ಡಿಸ್ಕಿಗೆ ಹೋಗಿ ಓದಿಕೊಂಡು ಬಂದು ತೋರಿಸಿತು. ಸಾಲಿನ ಕೊನೆಯಲ್ಲಿ ಹೀಗಿತ್ತು: ಎತ್ತಿಗೆ ಬಿಡುವು. ನಾಳೆ ಮಂಗಳವಾರ ಬರುತ್ತದೆ, ಜುಗೂಳದ ಕಾಕು ಹೇಳಿದ್ದು.